ಹಿತ್ತಾಳೆ ತಟ್ಟೆ ಕೊಟ್ಟ ಒಂದು ಅಶ್ವಶಕ್ತಿ

2023ರಲ್ಲಿ ನನಗೆ ಅರವತ್ನಾಲ್ಕು ವರ್ಷ. ದಾಂಡೇಲಿಯ ಕಾಗದ ಕಾರ್ಖಾನೆಯ ಇನ್‌ಸ್ಟ್ರುಮೆಂಟ್ ವಿಭಾಗದಲ್ಲಿ ಮೂವತ್ತೊಂದು ವರ್ಷ ದುಡಿದು ನಿವೃತ್ತನಾದ ಮೇಲೆ, ಹಳಿಯಾಳದಲ್ಲಿ ದಾಂಡೇಲಿ ರಸ್ತೆಗೆ ಮುಖ ಮಾಡಿ ಒಂದು ವರ್ಕ್‌ಶಾಪ್ ಇಟ್ಟುಕೊಂಡಿದ್ದೆ. ಮಾಲಕನೂ ನಾನೇ, ಕೆಲಸಗಾರನೂ ನಾನೇ, ಕಸ ಗುಡಿಸುವವನೂ ನಾನೇ. ಟ್ರ್ಯಾಕ್ಟರ್, ಪಂಪ್‌ಸೆಟ್ ಮತ್ತು ಬೈಕುಗಳ ಸಿಲಿಂಡರ್ ಹೆಡ್ ರಿಪೇರಿ ನನ್ನ ಕಸುಬು. ಹೆಡ್ ಎಂದರೆ ಎಂಜಿನ್ನಿನ ತಲೆ. ಗಾಳಿ ಒಳಗೆ ಹೋಗುವ ದಾರಿ, ಹೊಗೆ ಹೊರಗೆ ಬರುವ ದಾರಿ, ಆ ದಾರಿಗಳನ್ನು ತೆರೆದು ಮುಚ್ಚುವ ವಾಲ್ವ್, ಎಲ್ಲವೂ ಅಲ್ಲೇ ಇರುತ್ತವೆ.

ಕಾರ್ಖಾನೆಯಲ್ಲಿ ನನ್ನ ಕೆಲಸ ಅಳತೆಯದು. ಉಗಿ ಎಷ್ಟು ಹೋಯಿತು, ನೀರು ಎಷ್ಟು ಹರಿಯಿತು, ಗಾಳಿಯ ಒತ್ತಡ ಎಷ್ಟಿದೆ ಎಂದು ತೋರಿಸುವ ಗೇಜುಗಳು ಸುಳ್ಳು ಹೇಳದಂತೆ ನೋಡಿಕೊಳ್ಳುವುದು. ಹಾಗಾಗಿ ಯಾರಾದರೂ 'ಸುಮಾರು' ಎಂದರೆ ನನಗೆ ಮೈ ಉರಿಯುತ್ತದೆ. ಮನೆಯಲ್ಲಿ ನನ್ನ ಹೆಂಡತಿ ಅನ್ನಕ್ಕೆ ಸುಮಾರಾಗಿ ನೀರು ಹಾಕುವುದನ್ನು ನೋಡಿ ಎಷ್ಟೋ ಸಲ ಜಗಳ ತೆಗೆದಿದ್ದೇನೆ. ಅನ್ನ ಮಾತ್ರ ಒಂದು ದಿನವೂ ಕೆಟ್ಟಿಲ್ಲ, ಅದು ಬೇರೆ ಮಾತು.

ನನ್ನ ವರ್ಕ್‌ಶಾಪಿನ ಹೆಮ್ಮೆ ಒಂದು ಫ್ಲೋ ಬೆಂಚ್. ಒಂದು ಹೆಡ್ಡಿನೊಳಗಿಂದ ಎಷ್ಟು ಗಾಳಿ ಹಾಯುತ್ತದೆ ಎಂದು ಅಳೆಯುವ ಯಂತ್ರ. ಹುಬ್ಬಳ್ಳಿಯ ಗುಜರಿಯಲ್ಲಿ ಸಿಕ್ಕ ಆರು ವ್ಯಾಕ್ಯೂಮ್ ಕ್ಲೀನರ್ ಮೋಟಾರು, ಪ್ಲೈವುಡ್ ಪೆಟ್ಟಿಗೆ, ನೀರು ತುಂಬಿದ ಗಾಜಿನ ಕೊಳವೆಗಳು, ಇಷ್ಟರಲ್ಲೇ ಅದನ್ನು ಕಟ್ಟಿದ್ದೆ. ಹೆಡ್ಡನ್ನು ಪೆಟ್ಟಿಗೆಯ ಮೇಲೆ ಕೂರಿಸಿ ಮೋಟಾರು ಹಚ್ಚಿದರೆ ಗಾಳಿ ಹೆಡ್ಡಿನೊಳಗಿಂದ ಇಳಿದು, ಪೆಟ್ಟಿಗೆಯೊಳಗಿನ ಒಂದು ಹಿತ್ತಾಳೆ ತಟ್ಟೆಯ ತೂತಿನ ಮೂಲಕ ಹೊರಗೆ ಹೋಗುತ್ತದೆ. ತೂತಿನ ಈ ಬದಿಗೂ ಆ ಬದಿಗೂ ಇರುವ ಒತ್ತಡದ ವ್ಯತ್ಯಾಸವನ್ನು ನೀರಿನ ಕೊಳವೆ ತೋರಿಸುತ್ತದೆ. ವ್ಯತ್ಯಾಸ ಹೆಚ್ಚಿದಷ್ಟೂ ಹಾಯುತ್ತಿರುವ ಗಾಳಿ ಹೆಚ್ಚು. ತೂತಿನ ಅಳತೆ ಬದಲಾಗದೆ ಇದ್ದರೆ ಮಾತ್ರ ಈ ಲೆಕ್ಕ ಸರಿ. ಈ ಕೊನೆಯ ಮಾತನ್ನು ಓದುವವರು ನೆನಪಿಟ್ಟುಕೊಳ್ಳಬೇಕು. ನಾನು ಮರೆತಿದ್ದೆ.

ಆ ತಟ್ಟೆಯನ್ನು ಲೇತಿನಲ್ಲಿ ನಾನೇ ಕಡೆದಿದ್ದೆ. ನಡುವೆ ಸರಿಯಾಗಿ ಮೂವತ್ತಾರು ಮಿಲಿಮೀಟರಿನ ತೂತು, ಅಂಚು ಬ್ಲೇಡಿನಷ್ಟು ಹರಿತ. ಅದನ್ನು ಮುಗಿಸಲು ನಾಲ್ಕು ದಿನ ಹಿಡಿದಿತ್ತು. ಬಂದವರಿಗೆಲ್ಲ ಅದನ್ನು ತೆಗೆದು ತೋರಿಸುತ್ತಿದ್ದೆ, ಮುಟ್ಟಲು ಮಾತ್ರ ಬಿಡುತ್ತಿರಲಿಲ್ಲ.

ಆ ವರ್ಷ ಏಪ್ರಿಲ್‌ನಲ್ಲಿ ವಿಲಾಸರಾವ್ ಬಂದರು. ಹಳಿಯಾಳ ಪೇಟೆಯಲ್ಲಿ ಟ್ರ್ಯಾಕ್ಟರ್ ಬಿಡಿಭಾಗಗಳ ಅಂಗಡಿ ಇಟ್ಟವರು, ಹಣದ ಕೊರತೆ ಇಲ್ಲ, ಹುಚ್ಚು ಮಾತ್ರ ಬೈಕ್ ರೇಸಿನದು. ಅದರಲ್ಲೂ ಡ್ರ್ಯಾಗ್ ರೇಸ್. ತಿರುವು ಇಲ್ಲ, ಉಬ್ಬು ತಗ್ಗು ಇಲ್ಲ. ನೇರ ಪಟ್ಟಿಯ ಮೇಲೆ ನಿಂತಲ್ಲಿಂದ ಹೊರಟು ನಾನೂರಾ ಎರಡು ಮೀಟರ್ ದೂರವನ್ನು ಯಾರು ಬೇಗ ಮುಟ್ಟುತ್ತಾರೋ ಅವರು ಗೆದ್ದರು. ಅವರ ಬೈಕು ನೂರಾ ಅರವತ್ತೈದು ಸಿಸಿ ವರ್ಗದ್ದು. ಅವರ ಜೊತೆ ಬಂದವಳು ರೇಣುಕಾ, ಆ ಬೈಕಿನ ಸವಾರಳು. ತೇರಗಾಂವದ ಒಕ್ಕಲುತನದ ಮನೆಯವಳು, ಇಪ್ಪತ್ತೊಂಬತ್ತು ವರ್ಷ. ಹಳಿಯಾಳದ ಒಂದು ಡ್ರೈವಿಂಗ್ ಸ್ಕೂಲಿನಲ್ಲಿ ಹೆಂಗಸರಿಗೆ ಸ್ಕೂಟರ್ ಕಲಿಸುತ್ತಿದ್ದಳು. ತೂಕ ನಲವತ್ತೆಂಟು ಕಿಲೋ. ಡ್ರ್ಯಾಗ್ ರೇಸಿನಲ್ಲಿ ಅದೂ ಒಂದು ಆಸ್ತಿ.

"ಚನ್ನಪ್ಪಣ್ಣ, ಇದರೊಳಗ ಗಾಳಿ ಹೆಚ್ಚಿಸಿ ಕೊಡ್ರಿ, ಉಳಿದದ್ದು ನಾವು ನೋಡ್ಕೋತೇವಿ" ಎಂದರು ವಿಲಾಸರಾವ್.

ಮಾತು ಸರಿಯಾಗಿಯೇ ಇತ್ತು. ಎಂಜಿನ್ ಎಷ್ಟು ಗಾಳಿ ನುಂಗುತ್ತದೋ ಅಷ್ಟೇ ಪೆಟ್ರೋಲು ಸುಡಬಲ್ಲದು. ಎಷ್ಟು ಸುಡುತ್ತದೋ ಅಷ್ಟೇ ಶಕ್ತಿ. ಗಾಳಿಯನ್ನು ಸಿಎಫ್‌ಎಂನಲ್ಲಿ, ಎಂದರೆ ನಿಮಿಷಕ್ಕೆ ಇಷ್ಟು ಘನ ಅಡಿ ಎಂದು ಅಳೆಯುತ್ತೇವೆ. ಇಪ್ಪತ್ತೆಂಟು ಇಂಚು ನೀರಿನ ಒತ್ತಡದಲ್ಲಿ ಅಳೆದ ಸಿಎಫ್‌ಎಂ ಅನ್ನು 0.257ರಿಂದ ಗುಣಿಸಿದರೆ, ಒಂದು ಸಿಲಿಂಡರಿನಿಂದ ಎಷ್ಟು ಅಶ್ವಶಕ್ತಿ ನಿರೀಕ್ಷಿಸಬಹುದು ಎಂಬುದು ಗೊತ್ತಾಗುತ್ತದೆ. ನಮ್ಮ ಕಸುಬಿನವರ ಕೈಲೆಕ್ಕ ಇದು. ನಾನು ಆ ಹೆಡ್ಡಿನ ಗಾಳಿದಾರಿಯನ್ನು, ಅಂದರೆ ಪೋರ್ಟನ್ನು, ಸಣ್ಣ ಗ್ರೈಂಡರಿನಿಂದ ತಿದ್ದಿ ವಾಲ್ವಿನ ಹತ್ತಿರದ ಮೂಲೆಯನ್ನು ನಯ ಮಾಡಿದೆ. ಬೆಂಚಿನ ಮೇಲೆ ಎಪ್ಪತ್ತೆಂಟು ಸಿಎಫ್‌ಎಂ ಬಂತು. ಇಪ್ಪತ್ತು ಅಶ್ವಶಕ್ತಿ.

ಮೇ ತಿಂಗಳಲ್ಲಿ ಅನಮೋಡ ಘಾಟ್ ಇಳಿದು ಗೋವಾದ ಒಂದು ಖಾಸಗಿ ಪಟ್ಟಿಯಲ್ಲಿ ಮೊದಲ ಸುತ್ತು ನಡೆಯಿತು. ಅನಮೋಡ ಚೆಕ್‌ಪೋಸ್ಟಿನಲ್ಲಿ ನಂಬರ್ ಪ್ಲೇಟಿಲ್ಲದ, ದೀಪವಿಲ್ಲದ ಬೈಕನ್ನು ವ್ಯಾನಿನಲ್ಲಿ ನೋಡಿದ ಪೊಲೀಸರಿಗೆ ನಾವು ಕಳ್ಳರಲ್ಲ ಎಂದು ನಂಬಿಸಲು ಅರ್ಧ ಗಂಟೆ ಹಿಡಿಯಿತು. ರೇಣುಕಾ 15.38 ಸೆಕೆಂಡಿನಲ್ಲಿ ಓಡಿಸಿದಳು. ವಿಲಾಸರಾವ್ ಖುಷಿಯಾದರು. ಖುಷಿಯಾದವರಿಗೆ ಇನ್ನಷ್ಟು ಬೇಕೆನಿಸುತ್ತದೆ. ಮಳೆಗಾಲದಲ್ಲಿ ರೇಸ್ ಇಲ್ಲ, ಅಷ್ಟರೊಳಗೆ ಎರಡನೆಯ ಹೆಡ್ಡೊಂದನ್ನು ತಯಾರು ಮಾಡಿ ಎಂದರು. ನಾನೂ ಒಪ್ಪಿದೆ. ಈ ಸಲ ಪೋರ್ಟನ್ನು ಇನ್ನೂ ಅಗಲ ಮಾಡಿ, ಮೇಲಕ್ಕೆತ್ತಿ, ಧೈರ್ಯವಾಗಿಯೇ ಕೊರೆದೆ. ಅಲ್ಯೂಮಿನಿಯಂ ಕೊರೆದರೆ ಮುಗಿಯಿತು, ಮತ್ತೆ ತುಂಬಿಕೊಳ್ಳುವುದಿಲ್ಲ. ಹಾಗಾಗಿ ದಿನಕ್ಕೆ ಒಂದು ತಾಸಿಗಿಂತ ಹೆಚ್ಚು ಕೈ ಹಾಕುತ್ತಿರಲಿಲ್ಲ.

ಕೆಲಸ ಮುಗಿಯುವ ಹೊತ್ತಿಗೆ ಮಹಾನವಮಿ ಬಂತು. ನಮ್ಮ ಕಡೆ ಅಂದು ಆಯುಧ ಪೂಜೆ. ಲೇತು, ಡ್ರಿಲ್ಲು, ವೈಸು, ಪಾನಾ, ಸುತ್ತಿಗೆ ಎಲ್ಲವನ್ನೂ ತೊಳೆದು ಒರೆಸಿ, ವಿಭೂತಿ ಕುಂಕುಮ ಹಚ್ಚಿ, ಕಾಯಿ ಒಡೆಯುತ್ತೇವೆ. ಪೂಜೆಯಾದ ಮೇಲೆ ಮರುದಿನದ ಬನ್ನಿ ಮುಗಿಯುವವರೆಗೆ ಯಾವ ಯಂತ್ರವನ್ನೂ ಚಾಲೂ ಮಾಡುವುದಿಲ್ಲ. ಅವುಗಳಿಗೂ ರಜೆ. ಮೈಕ್ರೋಮೀಟರ್, ಗೇಜುಗಳನ್ನು ಮಾತ್ರ ಪೆಟ್ಟಿಗೆಯಲ್ಲೇ ಇಟ್ಟು ಪೆಟ್ಟಿಗೆಗೆ ಕುಂಕುಮ ಹಚ್ಚಬೇಕೆಂದು ಹೆಂಡತಿಗೆ ಪ್ರತಿ ವರ್ಷ ತಾಕೀತು ಮಾಡುತ್ತಿದ್ದೆ. ಅವಳು ಹಾಗೆಯೇ ಮಾಡುತ್ತಿದ್ದಳು, ಆ ವರ್ಷವೂ ಹಾಗೆಯೇ ಮಾಡಿದಳು.

ಬನ್ನಿಯ ಮರುದಿನ ಬೆಳಿಗ್ಗೆ ಹೊಸ ಹೆಡ್ಡನ್ನು ಬೆಂಚಿಗೆ ಏರಿಸಿದೆ. ಎಂಬತ್ತೆರಡು! ಎರಡು ಸಲ ಅಳೆದೆ, ಮೂರು ಸಲ ಅಳೆದೆ, ಎಂಬತ್ತೆರಡೇ. ಗುಣಿಸಿದರೆ ಇಪ್ಪತ್ತೊಂದು ಅಶ್ವಶಕ್ತಿ. ಇಷ್ಟು ಸಣ್ಣ ಎಂಜಿನ್ನಿನಲ್ಲಿ ಒಂದು ಪೂರ್ತಿ ಕುದುರೆಯನ್ನು ಹೆಚ್ಚಿಗೆ ಕಟ್ಟುವುದು ಹುಡುಗಾಟವಲ್ಲ. ನಾನು ಒಬ್ಬನೇ ನಗುತ್ತ ನಿಂತಿದ್ದೆ. ಹೊಸ ಹೆಡ್ ಅಳೆಯುವ ಮೊದಲು ಅಳತೆ ಗೊತ್ತಿರುವ ಹಳೆಯ ಹೆಡ್ಡೊಂದನ್ನು ಅಳೆದು ಬೆಂಚು ಸರಿಯಿದೆಯೇ ಎಂದು ನೋಡುವುದು ನನ್ನದೇ ನಿಯಮ. ಆ ದಿನ ಮಾಡಲಿಲ್ಲ. ಕೊಳವೆಯ ನೀರು ಸೊನ್ನೆಯಲ್ಲಿ ನಿಂತಿದೆ ಎಂದಷ್ಟೇ ನೋಡಿಕೊಂಡೆ. ಕಾಗದದ ಮೇಲೆ ಅಂಕಿ ಬರೆದು ಸಹಿ ಹಾಕಿ ವಿಲಾಸರಾವ್ ಕೈಗೆ ಕೊಟ್ಟೆ.

ನವೆಂಬರ್‌ನಲ್ಲಿ ಅದೇ ಪಟ್ಟಿಯಲ್ಲಿ ಎರಡನೆಯ ಸುತ್ತು. ಮೇ ತಿಂಗಳಿಗಿಂತ ಹವೆ ತಂಪಾಗಿತ್ತು. ತಂಪು ಗಾಳಿ ದಟ್ಟ, ಎಂಜಿನ್ನಿಗೆ ಒಳ್ಳೆಯದು. 15.2 ಬರುತ್ತದೆಂದು ನಾನು ಮೊದಲೇ ಸಾರಿದ್ದೆ. ಬಂದದ್ದು 15.61. ಎರಡನೆಯ ಓಟ 15.63.

ರೇಣುಕಾ ಹೆಲ್ಮೆಟ್ ತೆಗೆದು ನೇರವಾಗಿ ನನ್ನ ಹತ್ತಿರ ಬಂದಳು. "ಕಾಕಾ, ಗೇರ್ ಬದಲಿಸಿದ ಮ್ಯಾಲೆ ಇದಕ್ಕ ಉಸಿರ ಸಾಲೂದಿಲ್ರಿ. ಮೊದಲಿನ ಹೆಡ್ ಕೈ ಹಿಡಿದು ಎಳೀತಿತ್ತು. ಇದು ಸುಮಾರ ಐತಿ."

ಸುಮಾರು ಎಂಬ ಮಾತು ಕೇಳಿದ್ದೇ ತಡ, ನನ್ನ ತಲೆ ತಿರುಗಿತು. ನಾಲ್ವರು ಮೆಕ್ಯಾನಿಕ್‌ಗಳು, ವಿಲಾಸರಾವ್, ಪಕ್ಕದ ತಂಡದವರು ಎಲ್ಲ ನಿಂತಿದ್ದಾರೆ. ಅವರ ಎದುರಿಗೇ ಹೇಳಿದೆ: "ನಿನಗ ಹೆಂಗ ಅನಸತೈತಿ ಅನ್ನೂದನ್ನ ಯಾರೂ ಕೇಳಿಲ್ಲವಾ. ಹೆಡ್ ಎಂಬತ್ತೆರಡು ತೋರಿಸೇತಿ, ನಾನು ಬರದು ಕೊಟ್ಟೇನಿ. ನೀನು ಲೈನ್ ಬಿಡೂದ ತಡ ಮಾಡಾಕತ್ತಿ."

ಅವಳು ಹೆಲ್ಮೆಟ್ ಬಗಲಿಗಿಟ್ಟುಕೊಂಡು ಬೈಕನ್ನು ವ್ಯಾನಿನ ಕಡೆಗೆ ತಳ್ಳಿದಳು. ವಾಪಸು ಬರುವಾಗ ಮುಂದಿನ ಸೀಟು ಖಾಲಿ ಇದ್ದರೂ ವ್ಯಾನಿನ ಹಿಂದೆ ಬೈಕಿನ ಪಕ್ಕದಲ್ಲೇ ಕೂತಳು. ಘಾಟ್ ಹತ್ತುವಾಗ ವಿಲಾಸರಾವ್ ನನ್ನನ್ನು ಮೆಲ್ಲಗೆ ಕೇಳಿದರು: "ಎಂಜಿನ್ ಬಗ್ಗೆ ನಿಮಗ ಖಾತ್ರಿ ಐತೇನ್ರಿ? ಹಂಗಿದ್ರ ಡಿಸೆಂಬರ್ ಫೈನಲ್‌ಗೆ ಬೆಳಗಾವಿಯವನೊಬ್ಬನನ್ನ ಕೂರಸ್ತೇನಿ." ನಾನು "ಖಾತ್ರಿ ಐತ್ರಿ" ಎಂದೆ. ನನ್ನ ಆ ಎರಡು ಮಾತಿನಿಂದ ಅವಳ ಸೀಟು ಹೋಯಿತು. ಮೂರು ವರ್ಷದಿಂದ ಅವಳು ಕಾದು, ಕಲಿತು, ಗಂಡಸರ ನಗೆಚಾಟಿಕೆ ಸಹಿಸಿ ಗಳಿಸಿದ್ದ ಸೀಟು ಅದು. ನನಗೆ ಆಗ ಹಾಗನ್ನಿಸಲಿಲ್ಲ. ನನ್ನ ಅಂಕಿ ಉಳಿಯಿತಲ್ಲ ಎನ್ನಿಸಿತು.

ನಾಲ್ಕು ದಿನ ಬಿಟ್ಟು, ಬೆಳಗಿನ ಹತ್ತರ ಹೊತ್ತಿಗೆ ರೇಣುಕಾ ವರ್ಕ್‌ಶಾಪಿಗೆ ಬಂದಳು. ಕೈಯಲ್ಲಿ ವಿಲಾಸರಾವ್ ಹತ್ತಿರ ಕೇಳಿ ತಂದ ಎರಡು ಚೀಟಿ. ಡ್ರ್ಯಾಗ್ ರೇಸಿನಲ್ಲಿ ಪ್ರತಿ ಓಟಕ್ಕೂ ಕೊಡುವ ಸಮಯದ ಚೀಟಿಗಳು, ಒಂದು ಮೇ ತಿಂಗಳದು, ಒಂದು ನವೆಂಬರ್‌ನದು. ಚೀಟಿಯಲ್ಲಿ ಪೂರ್ತಿ ದೂರದ ಸಮಯ ಮಾತ್ರವಲ್ಲ, ಮೊದಲ ಹದಿನೆಂಟು ಮೀಟರಿಗೆ ಎಷ್ಟು ಹೊತ್ತು ಹಿಡಿಯಿತು ಎಂಬುದೂ ಇರುತ್ತದೆ. ಸವಾರ ಹೇಗೆ ಹೊರಟ ಎಂಬುದನ್ನು ಅದು ಹೇಳುತ್ತದೆ.

"ವಾದಾ ಮಾಡಾಕ ಬಂದಿಲ್ರಿ ಕಾಕಾ. ಇಷ್ಟ ನೋಡ್ರಿ, ನಾ ಹೋಕ್ಕೇನಿ" ಎಂದಳು.

ನೋಡಿದೆ. ಮೇ ತಿಂಗಳಲ್ಲಿ ಮೊದಲ ಹದಿನೆಂಟು ಮೀಟರಿಗೆ 2.31 ಸೆಕೆಂಡು. ನವೆಂಬರ್‌ನಲ್ಲಿ 2.30. ಅವಳು ತಡ ಮಾಡಿರಲಿಲ್ಲ, ಕೂದಲೆಳೆಯಷ್ಟು ಬೇಗವೇ ಹೊರಟಿದ್ದಳು. ಕಳೆದುಹೋದ ಸಮಯವೆಲ್ಲ ಆಮೇಲಿನದು, ಎಂಜಿನ್ನಿನದು. ಚೀಟಿ ಆ ದಿನವೇ ವಿಲಾಸರಾವ್ ಜೇಬಿನಲ್ಲಿತ್ತು. ಅಳತೆಯ ಮನುಷ್ಯ ಎಂದು ಮೆರೆಯುವ ನಾನು ಅದನ್ನು ಕೇಳಿ ನೋಡಿರಲಿಲ್ಲ.

ಅವಳನ್ನು ನಿಲ್ಲು ಎಂದೆ. ಕಪಾಟಿನಲ್ಲಿದ್ದ ಮೊದಲ ಹೆಡ್ಡನ್ನು, ಎಪ್ಪತ್ತೆಂಟರ ಹೆಡ್ಡನ್ನು, ಬೆಂಚಿಗೆ ಏರಿಸಿ ಮೋಟಾರು ಹಚ್ಚಿದೆ. ನೀರು ಏರುತ್ತ ಹೋಗಿ ನಿಂತಿತು. ಲೆಕ್ಕ ಹಾಕಿದೆ. ಎಂಬತ್ತೆರಡು ದಾಟಿತ್ತು. ಮುಟ್ಟದೆ ಆರು ತಿಂಗಳು ಕಪಾಟಿನಲ್ಲಿದ್ದ ಹೆಡ್ಡು ತಾನಾಗಿಯೇ ಉತ್ತಮವಾಗುವುದಿಲ್ಲ. ಮೋಟಾರು ಬಂದ್ ಮಾಡಿ, ಸ್ಕ್ರೂ ಬಿಚ್ಚಿ, ಹಿತ್ತಾಳೆ ತಟ್ಟೆಯನ್ನು ಹೊರಗೆ ತೆಗೆದು ಬಾಗಿಲ ಬೆಳಕಿಗೆ ಹಿಡಿದೆ.

ತಟ್ಟೆಯ ಮುಖ ಫಳಫಳ ಹೊಳೆಯುತ್ತಿತ್ತು. ತೂತಿನ ಅಂಚಿನ ಸುತ್ತ ಮಾತ್ರ ಬೂದು ಬಿಳಿಯ ಒಂದು ಗೆರೆ. ಉಗುರಿನಿಂದ ಕೆರೆದೆ, ಸುಣ್ಣದಂತೆ ಗಟ್ಟಿಯಾಗಿತ್ತು. ಚೂರು ಬಿದ್ದದ್ದನ್ನು ಬೆರಳಿನಲ್ಲಿ ತಿಕ್ಕಿ ಮೂಸಿದೆ.

"ಏನ್ರಿ ಅದು?" ಎಂದಳು ರೇಣುಕಾ.

"ವಿಭೂತಿ" ಎಂದೆ.

ಆಗ ಎಲ್ಲ ನೆನಪಾಯಿತು. ಮಹಾನವಮಿಯಂದು ಹೆಂಡತಿ ಪೂಜೆ ಮುಗಿಸಿ ಎಡೆ ತರಲು ಒಳಗೆ ಹೋಗಿದ್ದಳು. ಎಲ್ಲ ಯಂತ್ರಗಳಿಗೂ ಪೂಜೆಯಾಯಿತು, ನನ್ನ ಅತ್ಯಂತ ಪ್ರೀತಿಯ ವಸ್ತು ಕತ್ತಲಲ್ಲಿ ಪೆಟ್ಟಿಗೆಯೊಳಗೇ ಉಳಿಯಿತಲ್ಲ ಎಂದು ನನಗೆ ಕೆಡುಕೆನಿಸಿತ್ತು. ತಟ್ಟೆಯನ್ನು ಬಿಚ್ಚಿ ಹೊರಗೆ ತಂದು, ನೀರಿನಲ್ಲಿ ತೇದ ವಿಭೂತಿಗೆ ಮೂರು ಬೆರಳು ಅದ್ದಿ, ಲಿಂಗಕ್ಕೆ ಎಳೆಯುವಂತೆ ಎಡದಿಂದ ಬಲಕ್ಕೆ ತೂತಿನ ಮೇಲೆಯೇ ಮೂರು ಪಟ್ಟೆ ಎಳೆದಿದ್ದೆ. ಭಕ್ತಿಯಿಂದಲೇ ಎಳೆದಿದ್ದೆ. ರಜೆಯ ದಿನವಿಡೀ ಅದು ಒಣಗಿತು. ಬನ್ನಿಯ ಮರುದಿನ ಒದ್ದೆ ಬಟ್ಟೆಯಲ್ಲಿ ಮುಖ ಒರೆಸಿ ಜೋಡಿಸಿದೆ. ಒರೆಸಿದ ಬಟ್ಟೆ ಒದ್ದೆಯಾದ ವಿಭೂತಿಯನ್ನು ತೂತಿನ ಅಂಚಿಗೇ ತುಂಬಿತ್ತು.

ಕ್ಯಾಲಿಪರಿನಿಂದ ಅಳೆದೆ. ಮೂವತ್ತಾರು ಮಿಲಿಮೀಟರ್ ಇರಬೇಕಾದ ತೂತು ಮೂವತ್ತೈದಕ್ಕೆ ಬಂದಿತ್ತು. ತೂತು ಕಿರಿದಾದರೆ ಅಷ್ಟೇ ಗಾಳಿಗೂ ಒತ್ತಡದ ವ್ಯತ್ಯಾಸ ಹೆಚ್ಚುತ್ತದೆ, ಬೆಂಚು ನೂರಕ್ಕೆ ಐದಾರರಷ್ಟು ಹೆಚ್ಚು ತೋರಿಸುತ್ತದೆ. ಹೊಸ ಹೆಡ್ಡಿನ ನಿಜವಾದ ಅಂಕಿ ಎಪ್ಪತ್ತೆಂಟಕ್ಕೂ ಕೆಳಗೆ. ಅಗಲ ಮಾಡಿದ್ದರಿಂದ ಗಾಳಿ ಹೆಚ್ಚಲಿಲ್ಲ, ಅದರ ವೇಗ ಮಾತ್ರ ಕುಗ್ಗಿತು, ಸಣ್ಣ ಕಾಲುವೆಯ ನೀರನ್ನು ಹಳ್ಳಕ್ಕೆ ಬಿಟ್ಟ ಹಾಗೆ. ಉಸಿರು ಸಾಲುವುದಿಲ್ಲ ಎಂದು ಅವಳು ಹೇಳಿದ್ದು ಅಕ್ಷರಶಃ ಸತ್ಯವಾಗಿತ್ತು. ನಾನು ಕೊಟ್ಟ ಒಂದು ಕುದುರೆ ವಿಭೂತಿಯದು.

ನನಗೆ ನಾಚಿಕೆಯಾಯಿತು. ಆ ವಯಸ್ಸಿನಲ್ಲಿ ಅಷ್ಟು ನಾಚಿಕೆ ಆಗಬಹುದೆಂದು ಗೊತ್ತಿರಲಿಲ್ಲ. "ತಪ್ಪಾತವಾ. ನಿನ್ನ ಮ್ಯಾಲೆ ಸುಳ್ಳು ಹಾಕಿದೆ" ಎಂದೆ.

ಅವಳ ಕಣ್ಣು ತುಂಬಿತು, ಧ್ವನಿ ಮಾತ್ರ ಗಟ್ಟಿಯಾಗಿತ್ತು. "ನಾಕ ದಿನಾ ನಿದ್ದಿ ಬಂದಿಲ್ರಿ ಕಾಕಾ. ಸ್ಕೂಟರ್ ಕಲಿಯಾಕ ಬಂದ ಹೆಣಮಕ್ಕಳಿಗೆ 'ಹೆದರಬ್ಯಾಡ್ರಿ' ಅನ್ನಾಕ ಬಾಯಿ ಬರವಲ್ದು. ನನಗೊಬ್ಬಾಕಿಗೆ ಹೇಳಿದ್ರ ಹೆಂಗ್ರಿ? ಅಂದದ್ದು ಎಲ್ಲಾರ ಮುಂದ ಅಂದೀರಿ."

ತಟ್ಟೆಯನ್ನು ಹಾಗೆಯೇ, ತೊಳೆಯದೆ, ಪೇಪರಿನಲ್ಲಿ ಸುತ್ತಿಕೊಂಡು ವಿಲಾಸರಾವ್ ಅಂಗಡಿಗೆ ಹೋದೆ. ಗಿರಾಕಿಗಳು ತುಂಬಿದ್ದರು. ಅವರ ನಡುವೆಯೇ ಕೌಂಟರಿನ ಮೇಲೆ ತಟ್ಟೆ ಬಿಚ್ಚಿಟ್ಟು, ಎರಡೂ ಚೀಟಿ ಇಟ್ಟು, ಮೊದಲಿನಿಂದ ಕೊನೆಯವರೆಗೆ ಹೇಳಿದೆ. ವಿಲಾಸರಾವ್ ಸಿಟ್ಟಾಗುತ್ತಾರೆಂದುಕೊಂಡಿದ್ದೆ. ಅವರು ತಟ್ಟೆಯನ್ನು ಮತ್ತೆ ಪೇಪರಿನಲ್ಲಿ ಸುತ್ತಿ ನನ್ನ ಕಡೆ ಸರಿಸಿದರು.

"ಬೆಳಗಾವಿಯವನಿಗೆ ಮಾತು ಕೊಟ್ಟಬಿಟ್ಟೇನಲ್ರಿ ಚನ್ನಪ್ಪಣ್ಣ" ಎಂದರು.

"ನನ್ನ ಮಾತು ನಂಬಿ ಕೊಟ್ಟೀರಿ. ನನ್ನ ಮಾತ ಸುಳ್ಳಾತು. ಅವನ ನಂಬರ್ ಕೊಡ್ರಿ, ನಾನ ಹೇಳ್ತೇನಿ."

ಫೋನ್ ಮಾಡಿದೆ. ಆ ಸವಾರ ಒಳ್ಳೆಯವನು, ಕಥೆ ಕೇಳಿ ಜೋರಾಗಿ ನಕ್ಕ, ಆಮೇಲೆ ತಾನು ಬೇರೆ ವರ್ಗದಲ್ಲಿ ಓಡುವುದಾಗಿ ಹೇಳಿದ. ರೇಣುಕಾಳ ಸೀಟು ಅವಳಿಗೆ ಮರಳಿತು. ತಟ್ಟೆಯನ್ನು ಬಿಸಿನೀರಿನಲ್ಲಿ ನೆನೆಸಿ, ಅಂಚು ಕೆಡದಂತೆ ಬಿದಿರಿನ ಕಡ್ಡಿಯಿಂದ ಬಿಡಿಸಿದೆ. ಮೊದಲ ಹೆಡ್ಡನ್ನು ಮತ್ತೆ ಅಳೆದೆ. ಎಪ್ಪತ್ತೆಂಟು. ಅಂಕಿ ಇಳಿದದ್ದಕ್ಕೆ ನಾನು ಖುಷಿಪಟ್ಟದ್ದು ಜೀವನದಲ್ಲಿ ಅದೊಂದೇ ಸಲ. ಎರಡನೆಯ ಹೆಡ್ ಕೆಟ್ಟದ್ದು ಕೆಟ್ಟಿತು. ಕೊರೆದ ಲೋಹ ಮರಳಿ ಬರುವಂತಿರಲಿಲ್ಲ.

ಡಿಸೆಂಬರ್‌ನಲ್ಲಿ ಹಳೆಯ ಹೆಡ್ಡಿನೊಂದಿಗೆ ಘಾಟ್ ಇಳಿದೆವು. ಪಟ್ಟಿಯ ಪಕ್ಕದಲ್ಲಿ ಅದೇ ನಾಲ್ವರು ಮೆಕ್ಯಾನಿಕ್‌ಗಳು, ಅದೇ ಪಕ್ಕದ ತಂಡ. ಬೈಕು ಇಳಿಸುವ ಮೊದಲೇ ಅವರನ್ನು ಕರೆದೆ. "ಹಿಂದಿನ ಸಲ ಈಕಿ ತಡಾ ಮಾಡಿದಳು ಅಂದಿದ್ನಿ. ತಡಾ ಮಾಡಿರಲಿಲ್ಲ. ತಪ್ಪು ನನ್ನ ಬೆಂಚಿಂದು, ನಂದು. ಈಕಿ ಹೇಳಿದ್ದ ಖರೆ ಇತ್ತು" ಎಂದೆ. ಯಾರೂ ನಗಲಿಲ್ಲ. ಒಬ್ಬ ನೀರಿನ ಬಾಟಲಿ ಕೊಟ್ಟ. ರೇಣುಕಾ ಕೈಗವಸು ಹಾಕಿಕೊಳ್ಳುತ್ತಿದ್ದಳು, ತಲೆ ಎತ್ತಲಿಲ್ಲ, ಆದರೆ ಒಂದು ಕೈಗವಸನ್ನೇ ಎರಡು ಸಲ ಹಾಕಿ ತೆಗೆದಳು.

ಅವಳು 15.27 ಓಡಿಸಿದಳು. ಹದಿನೆಂಟು ಮೀಟರಿಗೆ 2.26. ಹೆಡ್ಡು ಅದೇ, ಎಂಜಿನ್ನು ಅದೇ. ತಂಪು ಹವೆ ಒಂದಿಷ್ಟು ಕೊಟ್ಟಿರಬೇಕು, ಹೊರಟ ರೀತಿ ಮಾತ್ರ ಅವಳದೇ. ಗೆಲ್ಲಲಿಲ್ಲ, ಮೂರನೆಯವಳಾದಳು. ವಾಪಸು ಬರುವಾಗ ಮುಂದಿನ ಸೀಟಿನಲ್ಲಿ ಕೂತು ಅನಮೋಡದ ಪೊಲೀಸರಿಗೆ ಬೈಕಿನ ವಿವರಣೆಯನ್ನು ತಾನೇ ಕೊಟ್ಟಳು. ಐದೇ ನಿಮಿಷದಲ್ಲಿ ಬಿಟ್ಟರು.

ಈ ಪ್ರಸಂಗ ನನಗೆ ಕಲಿಸಿದ್ದು ಇಷ್ಟು. ಯಂತ್ರದ ಮಾತಿಗೂ ಮನುಷ್ಯರ ಮಾತಿಗೂ ತಾಳೆ ಬೀಳದಿದ್ದಾಗ ನಾನು ಮೂವತ್ತೊಂದು ವರ್ಷ ಯಂತ್ರದ ಪರವಾಗಿ ನಿಂತೆ. ಅದರ ಮೇಲೆ ಕೂತ ಮನುಷ್ಯನ ಮೈ ಕೂಡ ಒಂದು ಗೇಜು, ಅದು ಬೇರೆ ಅಂಕಿ ತೋರಿಸಿದರೆ ಮೊದಲು ನನ್ನ ಗೇಜನ್ನು ಬಿಚ್ಚಿ ನೋಡಬೇಕಿತ್ತು. ಈಗ ಯಾರಾದರೂ 'ಸುಮಾರ ಐತ್ರಿ' ಎಂದರೆ ಕೆಲಸ ನಿಲ್ಲಿಸಿ, ಹೇಗೆ ಸುಮಾರು, ಎಲ್ಲಿ ಸುಮಾರು ಎಂದು ಕೂರಿಸಿ ಕೇಳುತ್ತೇನೆ.

ಮರುವರ್ಷದ ಮಹಾನವಮಿಗೆ ಹೆಂಡತಿ ರೇಣುಕಾಳನ್ನು ಊಟಕ್ಕೆ ಕರೆದಿದ್ದಳು. ಪೂಜೆಯ ಹೊತ್ತಿಗೆ ವಿಭೂತಿಯ ಬಟ್ಟಲನ್ನು ಅವಳ ಕೈಗೇ ಕೊಟ್ಟೆ. ಲೇತಿಗೆ ಹಚ್ಚಿದಳು, ಡ್ರಿಲ್ಲಿಗೆ ಹಚ್ಚಿದಳು, ಫ್ಲೋ ಬೆಂಚಿನ ಹೊರಗಿನ ಪ್ಲೈವುಡ್ಡಿಗೆ ಹಚ್ಚಿದಳು. ಬಟ್ಟಲಲ್ಲಿ ಸ್ವಲ್ಪ ಉಳಿದಿತ್ತು.

"ಇನ್ನೊಂದು ಗೇಜು ಉಳದೈತಿ ಕಾಕಾ, ಬಗ್ಗರಿ" ಎಂದಳು.

ನಾನು ತಲೆ ಬಗ್ಗಿಸಿದೆ. ಮೂರು ಬೆರಳು ಅದ್ದಿ, ನನ್ನ ಹಣೆಯ ಮೇಲೆ ಎಡದಿಂದ ಬಲಕ್ಕೆ ನಿಧಾನವಾಗಿ ಎಳೆದಳು.

"ಇದನ್ನ ಒರಸಬ್ಯಾಡ್ರಿ" ಎಂದಳು.